ವಾರ್ಡ್ ಸದಸ್ಯರು ವಾರವಾರ ಕಳಿಸುವ ಸುದ್ದಿಯನ್ನು ನಂಬಬಹುದಾ? ಅದರಿಂದ ಉಪಯೋಗ ಇದೆಯಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಚಿಕ್ಕಮಗಳೂರಿಗೆ ಹೊಸದಾಗಿ ಬಂದಿದ್ದೀರಿ, ಯಾರೋ ವಾರ್ಡಿನ ವಾಟ್ಸಾಪ್ ಗ್ರೂಪಿಗೆ ಸೇರಿಸಿದರು, ಪ್ರತಿ ಶನಿವಾರ ನಗರಸಭೆ ಸದಸ್ಯರು ‘ಈ ವಾರದ ವಾರ್ಡ್ ಸುದ್ದಿ’ ಅಂತ ಉದ್ದದ ಮೆಸೇಜ್ ಹಾಕುತ್ತಾರೆ. ಅದನ್ನು ನಂಬಬಹುದಾ, ಉತ್ತರ ಕೊಡಬೇಕಾ, ಇಲ್ಲ ಸುಮ್ನೆ ಗ್ರೂಪ್ ಬಿಟ್ಟುಬಿಡಲಾ ಅಂತ ಕೇಳಿದ್ದೀರಿ.

ಬಿಡಬೇಡಿ. ಆ ಮೆಸೇಜನ್ನು ಬ್ಯಾಂಕ್ ಪಾಸ್‌ಬುಕ್ ನೋಡುವ ಹಾಗೆ ನೋಡಿ. ದುಡ್ಡು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಯಾವಾಗ ಹೋಯಿತು ಅನ್ನುವುದಷ್ಟೇ ಮುಖ್ಯ. ಉಳಿದದ್ದು ಹಾರ, ಶಾಲು, ಫೋಟೋ.

ನಾನು ಇಲ್ಲಿ ಝೆರಾಕ್ಸ್, ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ಖಾತೆ, ನಲ್ಲಿ ಕನೆಕ್ಷನ್, ಜನನ ಪ್ರಮಾಣಪತ್ರ ಅಂತ ನಗರಸಭೆಗೆ ಹೋಗುವವರು ಮೊದಲು ನನ್ನ ಹತ್ತಿರ ಅರ್ಜಿ ಬರೆಸಿಕೊಂಡೇ ಹೋಗುವುದು. ಕೆಲವು ಸದಸ್ಯರೂ ತಮ್ಮ ಮನವಿ ಪತ್ರ ಇಲ್ಲೇ ಟೈಪ್ ಮಾಡಿಸುತ್ತಾರೆ. ಹಾಗಾಗಿ ಎರಡೂ ಕಡೆಯ ಗೋಳು ಕೇಳಿ ಅಭ್ಯಾಸ ಆಗಿದೆ.

ಮೊದಲು ನಿಮ್ಮ ಸದಸ್ಯರ ಕೈಯಲ್ಲಿ ಏನಿದೆ ಅಂತ ತಿಳ್ಕೊಳ್ಳಿ, ಆಮೇಲೆ ಬೈಯಿರಿ. ನಮ್ಮ ನಗರಸಭೆಯಲ್ಲಿ 35 ವಾರ್ಡು. ಅವರದು 35ರಲ್ಲಿ ಒಂದು ಮತ, ಶಾಸಕರು ಸಂಸದರು ಸಭೆಗೆ ಬಂದರೆ ಅವರಿಗೂ ಮತ ಇರುತ್ತದೆ. ಚೆಕ್ಕಿಗೆ, ಆದೇಶಕ್ಕೆ ಸಹಿ ಹಾಕುವವರು ಪೌರಾಯುಕ್ತರು, ಅವರು ಸರ್ಕಾರದ ಅಧಿಕಾರಿ. ಸದಸ್ಯರು ಕೇಳಬಹುದು, ಸಭೆಯಲ್ಲಿ ಗಲಾಟೆ ಮಾಡಬಹುದು, ಜೆಇ (ಕಿರಿಯ ಎಂಜಿನಿಯರ್) ಹಿಂದೆ ಬೀಳಬಹುದು, ಕ್ರಿಯಾ ಯೋಜನೆಯಲ್ಲಿ, ಅಂದರೆ ವರ್ಷದ ಕಾಮಗಾರಿಗಳ ಪಟ್ಟಿಯಲ್ಲಿ, ತಮ್ಮ ವಾರ್ಡಿನ ಕೆಲಸ ಸೇರಿಸಬಹುದು. ಅಷ್ಟೇ. ಆದರೆ ಆ ‘ಅಷ್ಟೇ’ ಸಣ್ಣದೇನಲ್ಲ. ಕ್ರಿಯಾ ಯೋಜನೆಯಲ್ಲಿ ಹೆಸರಿಲ್ಲದ ಬೀದಿಗೆ ಕಲ್ಲೂ ಬರುವುದಿಲ್ಲ, ಜಲ್ಲಿಯೂ ಬರುವುದಿಲ್ಲ.

ಇನ್ನೊಂದು ವಿಷಯ. ಬೆಂಗಳೂರಿನಿಂದ ಬಂದವರು ‘ಇಲ್ಲಿ ವಾರ್ಡ್ ಕಮಿಟಿ ಮೀಟಿಂಗ್ ಯಾವಾಗ’ ಅಂತ ಕೇಳುತ್ತಾರೆ. ಸಂವಿಧಾನದ 74ನೇ ತಿದ್ದುಪಡಿ ಬಂತಲ್ಲ, 1993ರಲ್ಲಿ ಜಾರಿಯಾದದ್ದು, ಅದರ ಪ್ರಕಾರ ವಾರ್ಡ್ ಸಮಿತಿ ಕಡ್ಡಾಯ ಆಗಿರುವುದು 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನಸಂಖ್ಯೆ ಇರುವ ಊರಿಗೆ. 2011ರ ಜನಗಣತಿಯಲ್ಲಿ ನಮ್ಮೂರು 1 ಲಕ್ಷದ 18 ಸಾವಿರದ ಆಸುಪಾಸು. ಅಂದರೆ ಜನ ಕೂತು ಸದಸ್ಯರನ್ನು ಕೇಳುವ ಕಡ್ಡಾಯದ ಸಭೆ ನಮ್ಮಂಥ ಊರಿಗೆ ಇಲ್ಲ. ಅದಕ್ಕೇ ಶನಿವಾರದ ಮೆಸೇಜಿಗೆ ಬೆಲೆ. ಅದನ್ನು ಕಳಿಸಬೇಕು ಅಂತ ಯಾವ ಕಾನೂನೂ ಅವರಿಗೆ ಹೇಳಿಲ್ಲ. ಕಳಿಸುತ್ತಿದ್ದಾರೆ ಅಂದರೆ, ಮುಂದಿನ ಎಲೆಕ್ಷನ್ ಲೆಕ್ಕ ತಲೆಯಲ್ಲಿ ಇದ್ದರೂ ಇರಲಿ, ಬರಹದಲ್ಲಿ ಸಿಕ್ಕಿಹಾಕಿಕೊಳ್ಳುವುದಕ್ಕೆ ತಯಾರಿದ್ದಾರೆ. ಎಷ್ಟೋ ಜನ ಅದಕ್ಕೂ ತಯಾರಿರುವುದಿಲ್ಲ.

ಈಗ ಮುಖ್ಯ ವಿಷಯ. ಮೆಸೇಜಿನಲ್ಲಿ ‘ನಮ್ಮ ವಾರ್ಡಿಗೆ ಇಷ್ಟು ಲಕ್ಷದ ಚರಂಡಿ, ಕಾಂಕ್ರೀಟ್ ರಸ್ತೆ’ ಅಂತ ಬರುತ್ತದೆ. ಗ್ರೂಪಿನಲ್ಲಿ ಎಲ್ಲರೂ ಕೈ ಮುಗಿಯುವ ಇಮೋಜಿ ಹಾಕುತ್ತಾರೆ. ನೀವು ಆ ಕೆಲಸ ಯಾವ ಹಂತದಲ್ಲಿದೆ ಅಂತ ಹುಡುಕಿ. ಒಂದು ಬೀದಿಗೆ ಚರಂಡಿ ಬರಬೇಕಾದರೆ ಮೊದಲು ಜೆಇ ಬಂದು ಅಂದಾಜು ಪಟ್ಟಿ ಮಾಡಬೇಕು, ಅದು ಕ್ರಿಯಾ ಯೋಜನೆಗೆ ಸೇರಬೇಕು, ಸಭೆಯಲ್ಲಿ ಪಾಸಾಗಬೇಕು, ಅನುದಾನದ ಕೆಲಸವಾದರೆ ಜಿಲ್ಲಾಧಿಕಾರಿ ಕಚೇರಿಯ ಒಪ್ಪಿಗೆ ಬೇಕು, ಆಮೇಲೆ ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ (ಗುತ್ತಿಗೆದಾರರಿಗೆ ಕೆಲಸ ಶುರುಮಾಡಿ ಅನ್ನುವ ಆದೇಶ), ಅದೆಲ್ಲ ಆದ ಮೇಲೆ ಜೆಸಿಬಿ. ‘ಮನವಿ ಸಲ್ಲಿಸಲಾಗಿದೆ’ ಅಂದರೆ ಬಹುಶಃ ನನ್ನ ಅಂಗಡಿಯಲ್ಲಿ ಒಂದು ಪತ್ರ ಟೈಪ್ ಆಗಿದೆ ಅಷ್ಟೇ. ‘ಕ್ರಿಯಾ ಯೋಜನೆಗೆ ಅನುಮೋದನೆ ಸಿಕ್ಕಿದೆ’ ಅಂದರೆ ಆಸೆ ಇಟ್ಟುಕೊಳ್ಳಬಹುದು. ‘ಕಾರ್ಯಾದೇಶ ಆಗಿದೆ’ ಅಂದರೆ ಬೈಕ್ ಬೇರೆ ಕಡೆ ನಿಲ್ಲಿಸಲು ಜಾಗ ನೋಡಿಕೊಳ್ಳಿ. ಗುದ್ದಲಿ ಪೂಜೆ ಮಾತ್ರ ಇದರಲ್ಲಿ ಯಾವ ಹಂತವೂ ಅಲ್ಲ, ಅದು ಯಾವಾಗ ಬೇಕಾದರೂ ಆಗಬಹುದು.

ಹಂತದ ಜೊತೆ ಅನುದಾನದ ಹೆಸರೂ ನೋಡಿ. ಎಸ್‌ಎಫ್‌ಸಿ (ರಾಜ್ಯ ಹಣಕಾಸು ಆಯೋಗದ ಅನುದಾನ), 15ನೇ ಹಣಕಾಸು (ಕೇಂದ್ರದ 15ನೇ ಹಣಕಾಸು ಆಯೋಗದ್ದು), ನಗರೋತ್ಥಾನ (ರಾಜ್ಯ ಸರ್ಕಾರದ ನಗರಾಭಿವೃದ್ಧಿ ಯೋಜನೆ), ನಗರಸಭೆ ನಿಧಿ, ಶೇ 24.10, ಶೇ 7.25, ಶೇ 5. ಓದಿದರೆ ತಲೆ ಕೆಡುತ್ತದೆ, ಆದರೆ ಪ್ರತಿಯೊಂದಕ್ಕೂ ಅದರದೇ ಕಟ್ಟುಪಾಡಿದೆ. ಶೇ 24.10 ಪರಿಶಿಷ್ಟ ಜಾತಿ, ಪಂಗಡದವರಿಗೆ ಮೀಸಲಿಟ್ಟ ಹಣ. ಶೇ 7.25 ಇತರೆ ಬಡವರಿಗೆ, ಶೇ 5 ಅಂಗವಿಕಲರಿಗೆ. 2026ರ ಮಾರ್ಚ್‌ವರೆಗಿನ 15ನೇ ಹಣಕಾಸಿನಲ್ಲಿ ದೊಡ್ಡ ಪಾಲನ್ನು ಕುಡಿಯುವ ನೀರು, ನೈರ್ಮಲ್ಯಕ್ಕೇ ಕಟ್ಟಿಹಾಕಿದ್ದರು. ಹಾಗಿರುವಾಗ ‘ಪಾರ್ಕಿಗೆ ಯಾಕೆ ದುಡ್ಡು ಹಾಕಲಿಲ್ಲ’ ಅಂತ ಜಗಳ ಆಡುವ ಮೊದಲು ಯಾವ ಹಣ ಅಂತ ಕೇಳಿ. ಅನುದಾನದ ಹೆಸರೇ ಇಲ್ಲದ ಕಾಮಗಾರಿ ಮೆಸೇಜಿನಲ್ಲಿ ಕಂಡರೆ ಅದನ್ನು ಸದ್ಯಕ್ಕೆ ಆಶೀರ್ವಾದ ಅಂತಲೇ ತಿಳ್ಕೊಳ್ಳಿ.

ಮಲೆನಾಡಿನ ಕ್ಯಾಲೆಂಡರ್ ಕೂಡ ನೆನಪಿರಲಿ. ಮೇ ಕೊನೆಗೆ ಕಾರ್ಯಾದೇಶ ಆದರೆ ಡಾಂಬರು ದಸರಾ ಕಳೆದ ಮೇಲೆಯೇ. ಜೂನ್‌ನಿಂದ ಮಳೆ ಹಿಡಿದರೆ ಇಲ್ಲಿ ಡಾಂಬರು ನಿಲ್ಲುವುದಿಲ್ಲ. ಮಾರ್ಚ್‌ನಲ್ಲಿ ಮಾತ್ರ ಎಲ್ಲ ಬೀದಿಯಲ್ಲೂ ಒಟ್ಟಿಗೆ ಕೆಲಸ ಶುರುವಾಗುತ್ತದೆ, ಆರ್ಥಿಕ ವರ್ಷ 31ಕ್ಕೆ ಮುಗಿಯುತ್ತದಲ್ಲ. ನಮ್ಮ ಬೀದಿಗೆ ಹಾಗೇ ಒಂದು ಮಾರ್ಚ್‌ನಲ್ಲಿ ಚೆಂದದ ರಸ್ತೆ ಬಂತು, ಆಮೇಲೆ ಪೈಪಿನವರು ಬಂದು ಮಧ್ಯಕ್ಕೆ ಅಗೆದು ಹೋದರು. ರಸ್ತೆ ಮಾಡುವವರು ಬೇರೆ, ಪೈಪ್ ಹಾಕುವವರು ಬೇರೆ, ಇಬ್ಬರಿಗೂ ಮಾತುಕತೆ ಇಲ್ಲ. ಅಂದಿನಿಂದ ಯಾರಾದರೂ ಹೊಸ ರಸ್ತೆ ಅಂದರೆ ನಾನು ಕೇಳುವ ಮೊದಲ ಪ್ರಶ್ನೆ, ‘ನೀರಿನ ಪೈಪು, ಯುಜಿಡಿ (ಒಳಚರಂಡಿ) ಎರಡೂ ಮುಗೀತಾ?’

ಎಲ್ಲ ಗುಂಡಿಯೂ ಸದಸ್ಯರದ್ದಲ್ಲ ಅನ್ನುವುದೂ ಗೊತ್ತಿರಲಿ. ಕೆ.ಎಂ. ರಸ್ತೆ ರಾಷ್ಟ್ರೀಯ ಹೆದ್ದಾರಿ 173ಕ್ಕೆ ಸೇರಿದ್ದು, ಅಲ್ಲಿಯ ಗುಂಡಿಗೆ ವಾರ್ಡ್ ಗ್ರೂಪಿನಲ್ಲಿ ಕೂಗಾಡಿ ಪ್ರಯೋಜನ ಇಲ್ಲ. ಬೀದಿ ದೀಪ ಮಾತ್ರ ಆರಿದ್ದರೆ ನಗರಸಭೆ, ಮನೆಗಳೂ ಕತ್ತಲಾಗಿದ್ದರೆ ಮೆಸ್ಕಾಂ, ಅದಕ್ಕೆ 1912ಕ್ಕೆ ಫೋನ್ ಮಾಡಿ. ವಾರಾಂತ್ಯದಲ್ಲಿ ಮುಳ್ಳಯ್ಯನಗಿರಿ, ದತ್ತಪೀಠ ಅಂತ ಬರುವ ಕಾರುಗಳಿಂದ ಐ.ಜಿ. ರಸ್ತೆ ಕಟ್ಟಿಕೊಂಡರೆ ಅದು ಸಂಚಾರ ಪೊಲೀಸರ ಕೆಲಸ. ಖಾತೆ, ತೆರಿಗೆ ಕಂದಾಯ ಶಾಖೆಯದ್ದು. ಅರ್ಜಿ ‘ಸಕಾಲ’ದಲ್ಲಿ (ಇಷ್ಟು ದಿನದೊಳಗೆ ಕೆಲಸ ಮಾಡಿಕೊಡಬೇಕು ಅನ್ನುವ ಸರ್ಕಾರಿ ಯೋಜನೆ) ಬರುವಂಥದ್ದಾಗಿದ್ದರೆ ಅರ್ಜಿಯ ಜಿಎಸ್‌ಸಿ ನಂಬರ್ ಇಸ್ಕೊಳ್ಳದೆ ಕೌಂಟರ್ ಬಿಟ್ಟು ಬರಬೇಡಿ. ಏಪ್ರಿಲ್‌ನಲ್ಲಿ ಆಸ್ತಿ ತೆರಿಗೆ ಕಟ್ಟಿದರೆ ಶೇ 5 ರಿಯಾಯಿತಿ ಅಂತ ಸದಸ್ಯರ ಮೆಸೇಜಿನಲ್ಲಿ ಬಂದರೆ ಅದು ಅವರು ಕೊಡಿಸಿದ್ದಲ್ಲ, ಊರಿಗೆಲ್ಲ ಇರುವುದು. ಆದರೂ ನೆನಪಿಸಿದ್ದಕ್ಕೆ ಥ್ಯಾಂಕ್ಸ್ ಹೇಳಿ.

ನೀರಿನ ವಿಷಯಕ್ಕಾದರೂ ಆ ಮೆಸೇಜ್ ಪೂರ್ತಿ ಓದಲೇಬೇಕು. ನಮ್ಮೂರಿಗೆ ನೀರು ಬೇಲೂರು ಕಡೆಯ ಯಗಚಿಯಿಂದ, ಹಿರೇಕೊಳಲೆ ಕೆರೆಯಿಂದ ಬರುತ್ತದೆ. ಯಗಚಿಯಿಂದ ಪಂಪ್ ಮಾಡಿ ತರಬೇಕು. ಅಲ್ಲಿ ಕರೆಂಟ್ ಹೋದರೆ, ಮೋಟಾರ್ ಸುಟ್ಟರೆ, ದಾರಿಯಲ್ಲಿ ಪೈಪ್ ಒಡೆದರೆ ಇಲ್ಲಿ ನಿಮ್ಮ ಸರದಿ ಮುಂದೆ ಹೋಗುತ್ತದೆ. ‘ನಾಳೆ ನೀರಿಲ್ಲ’ ಅನ್ನುವ ಒಂದು ಸಾಲು ಬೇರೆ ಎಲ್ಲ ಸುದ್ದಿಗಿಂತ ದೊಡ್ಡದು ಅಲ್ವಾ? ಒಳ್ಳೆಯ ಸದಸ್ಯರು ಯಾರು ಅಂತ ನಾನು ಅಳೆಯುವುದು ಇದರಲ್ಲೇ. ನೀರು ಬರುವುದಿಲ್ಲ ಅಂತ ಮುಂಚೆ ಹೇಳಿದರಾ, ಇಲ್ಲ ಬಂದ ಮೇಲೆ ‘ನಮ್ಮ ಪ್ರಯತ್ನದಿಂದ’ ಅಂತ ಹಾಕಿದರಾ? ನೀರು ಬಿಡುವವರ ನಂಬರ್ ಮಾತ್ರ ಬೇರೆಯಾಗಿ ಸೇವ್ ಮಾಡಿಟ್ಟುಕೊಳ್ಳಿ. ಅವರಿಗೆ ಗೊತ್ತಿರುವಷ್ಟು ಸದಸ್ಯರಿಗೂ ಗೊತ್ತಿರುವುದಿಲ್ಲ.

ಕಸದ ಗಾಡಿ ಸಮಯ, ಹಸಿ ಕಸ ಒಣ ಕಸ ಬೇರೆ ಮಾಡಿ ಅನ್ನುವುದು ಪ್ರತಿ ವಾರ ಇದ್ದೇ ಇರುತ್ತದೆ. ಬೇರೆ ಮಾಡಿ ಕೊಡಿ, ಮುಗೀತು. ಘನತ್ಯಾಜ್ಯ ನಿಯಮದಲ್ಲೇ ಇದೆ, ವಾದ ಮಾಡುವಂಥದ್ದೇನಿಲ್ಲ.

ಒಂದು ತಮಾಷೆ ಹೇಳುತ್ತೇನೆ. ನಗರಸಭೆಗಳಲ್ಲಿ ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲು. ಆದರೆ ಎಷ್ಟೋ ಗ್ರೂಪುಗಳಲ್ಲಿ ಸದಸ್ಯೆಯ ಫೋಟೋ ಹಾಕಿಕೊಂಡ ನಂಬರಿಗೆ ಫೋನ್ ಮಾಡಿದರೆ ‘ಹೇಳಿ ಸಾರ್’ ಅನ್ನುವುದು ಯಜಮಾನರ ದನಿ. ನೀವು ಮೇಡಂ ಅವರನ್ನೇ ಕೇಳಿ ಮಾತಾಡಿ. ‘ಮೇಡಂ ಅವರಿಗೆ ಕೊಡ್ತೀರಾ?’ ಅಂತ ನಯವಾಗಿ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನನ್ನ ಅಂಗಡಿಗೆ ಬರುವ ಒಬ್ಬ ಸದಸ್ಯೆ ಮೊದಲು ಬಾಯೇ ಬಿಡುತ್ತಿರಲಿಲ್ಲ. ಈಗ ಅವರೇ ನಿಂತು ಪತ್ರದ ಒಂದೊಂದು ಸಾಲು ಹೇಳಿ ಬರೆಸುತ್ತಾರೆ, ನಾನು ಹಾಕಿದ ಅಲ್ಪವಿರಾಮವನ್ನೂ ತೆಗೆಸುತ್ತಾರೆ.

ಉತ್ತರ ಕೊಡಬೇಕಾ ಅಂದರೆ ಕೊಡಿ, ಆದರೆ ಒಂದು ಸಲಕ್ಕೆ ಒಂದೇ ಪ್ರಶ್ನೆ. ‘ಏನೂ ಕೆಲಸ ಆಗ್ತಿಲ್ಲ’ ಅಂತ ಬರೆದರೆ ‘ಗಮನಕ್ಕೆ ತೆಗೆದುಕೊಳ್ಳಲಾಗಿದೆ’ ಅಂತ ಬರುತ್ತದೆ, ಅಲ್ಲಿಗೆ ಕಥೆ ಮುಗಿಯಿತು. ಅದರ ಬದಲು, ‘ಅಕ್ಕ, ಹೋದ ತಿಂಗಳು ಹೇಳಿದ್ದಿರಲ್ಲ, ಮೂರನೇ ಅಡ್ಡರಸ್ತೆ ಚರಂಡಿ ಟೆಂಡರ್ ಆಗಿದೆ ಅಂತ, ಕಾರ್ಯಾದೇಶ ಯಾವ ತಾರೀಕಿಗೆ ಆಯ್ತು?’ ಅಂತ ಕೇಳಿ. ಹಳೇ ಮೆಸೇಜನ್ನು ಹಿಡಿದು ರಿಪ್ಲೈ ಮಾಡಿದರೆ ಇನ್ನೂ ಒಳ್ಳೆಯದು. ಬಜೆಟ್‌ಗೆ ಮುಂಚೆ ಪೂರ್ವಭಾವಿ ಸಭೆ ಕರೆಯುತ್ತಾರೆ, ಅದರ ತಾರೀಕನ್ನೂ ಕೇಳಿಟ್ಟುಕೊಳ್ಳಿ. ಅಲ್ಲಿಗೆ ಬರುವವರು ಕಡಿಮೆ, ಹೋದವರ ಮಾತು ಕೇಳಿಸುತ್ತದೆ.

ಎರಡು ಮೂರು ವಾರ ಆದರೂ ಉತ್ತರ ಬರಲಿಲ್ಲ ಅಂದರೆ ಸದಸ್ಯರನ್ನು ಬಿಟ್ಟು ಕಡತವನ್ನೇ ಕೇಳಿ. ಮಾಹಿತಿ ಹಕ್ಕಿನ ಅರ್ಜಿ ನಗರಸಭೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ, ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಬಾರದು. ನಿಮ್ಮ ಸಿಟ್ಟನ್ನೆಲ್ಲ ಅದರಲ್ಲಿ ತುಂಬಬೇಡಿ. ‘ಇಂಥ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪ್ರತಿ ಕೊಡಿ’ ಅಂದರೆ ಸಾಕು. ಅಳತೆ ಪುಸ್ತಕ ಕೇಳುವುದನ್ನು ಮರೆಯಬೇಡಿ, ಕಾಂಕ್ರೀಟ್ ಎಷ್ಟು ಉದ್ದ, ಎಷ್ಟು ದಪ್ಪ ಅಂತ ಬರೆದು ಬಿಲ್ ಮಾಡಿರುವುದು ಅದರಲ್ಲೇ. ಆಮೇಲೆ ಟೇಪ್ ಹಿಡಿದು ಬೀದಿಗೆ ಇಳಿಯುವುದು ನಿಮಗೆ ಬಿಟ್ಟದ್ದು.

ಗ್ರೂಪಿನಲ್ಲಿ ಬರುವ ಗುಡ್ ಮಾರ್ನಿಂಗ್, ಹುಟ್ಟುಹಬ್ಬದ ಬ್ಯಾನರ್‌ಗಳು ಕಾಟ ಅನ್ನಿಸಿದರೆ ಮ್ಯೂಟ್ ಮಾಡಿ. ಸದಸ್ಯರ ನಂಬರನ್ನು ಬೇರೆಯಾಗಿ ಸೇವ್ ಮಾಡಿ, ಶನಿವಾರ ಸಂಜೆ ಒಮ್ಮೆ ತೆರೆದು ನೋಡಿ, ಬೇಕಾದ ಸಾಲಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಫಾರ್ವರ್ಡ್ ಬಂದ ಸುದ್ದಿ ಅಳಿಸಿ ಹೋಗಬಹುದು, ಸ್ಕ್ರೀನ್‌ಶಾಟ್ ಹೋಗುವುದಿಲ್ಲ.