ಹೇಯಾನ್ ಅಸಲಿ, ಪಿನಾನ್ ಕಲಬೆರಕೆಯೇ?

ಪ್ರಿಯ ಓದುಗರೇ,

ಊರು ಬದಲಾಯಿಸಿದ ಮೇಲೆ ಮಗನನ್ನು ಹೊಸ ಕರಾಟೆ ಕ್ಲಾಸಿಗೆ ಸೇರಿಸಿದ್ದೀರಿ. ಹಳೆಯ ಮೇಷ್ಟ್ರು ‘ಹೇಯಾನ್ ಶೋದಾನ್’ ಅಂತ ಕಲಿಸಿದ್ದ ಕಟಾವನ್ನೇ (ಹೊಡೆತ, ತಡೆಗಳನ್ನು ಗೊತ್ತಾದ ಕ್ರಮದಲ್ಲಿ ಒಬ್ಬರೇ ಮಾಡುವ ಅಭ್ಯಾಸ) ಹೊಸಬರು ‘ಪಿನಾನ್ ನಿದಾನ್’ ಅನ್ನುತ್ತಾರೆ. ಅಷ್ಟು ಮಂಡಿ ಬಗ್ಗಿಸಿ ನಿಲ್ಲಬೇಡ ಅಂತಾರೆ. ಹಸಿರು ಬೆಲ್ಟ್ ಬಿಚ್ಚಿಸಿ ಬಿಳಿ ಬೆಲ್ಟ್ ಕಟ್ಟಿಸಿದ್ದಾರೆ. ಫೋನ್ ಮಾಡಿದರೆ ಹಳೆಯವರು ‘ಅದೆಲ್ಲ ಕಲಬೆರಕೆ’ ಅಂದರಂತೆ. ಅಸಲಿ ಸಂಪ್ರದಾಯ ಯಾರದ್ದು ಅನ್ನೋದು ನಿಮ್ಮ ಪ್ರಶ್ನೆ.

ಮೊದಲು ಹೆಸರಿನ ಗಲಾಟೆ ಮುಗಿಸೋಣ. ಪಿನಾನ್, ಹೇಯಾನ್ ಎರಡನ್ನೂ ಜಪಾನಿಯಲ್ಲಿ ಬರೆಯುವ ಅಕ್ಷರ ಒಂದೇ, ಓದುವ ರೀತಿ ಬೇರೆ. ಈ ಐದು ಕಟಾಗಳನ್ನು ಕಟ್ಟಿದವರು ಕರಾಟೆಯ ತವರಾದ, ಜಪಾನಿನ ದಕ್ಷಿಣದ ಓಕಿನಾವಾ ದ್ವೀಪದ ಗುರು ಇತೋಸು ಅಂಕೋ. ಕಳೆದ ಶತಮಾನದ ಶುರುವಿನಲ್ಲಿ, ಶಾಲೆ ಮಕ್ಕಳಿಗಾಗಿ. ಅವರ ಶಿಷ್ಯ ಫುನಾಕೋಶಿ ಗಿಚಿನ್ 1922ರಲ್ಲಿ ಟೋಕಿಯೊಗೆ ಹೋಗಿ ಅಲ್ಲೇ ನೆಲೆಸಿದರು. ಅಲ್ಲಿನವರ ನಾಲಿಗೆಗೆ ಒಗ್ಗುವಂತೆ ಹೇಯಾನ್ ಅಂದರು. ಎರಡನೆಯದು ಕಲಿಯೋಕೆ ಸುಲಭ ಅಂತ ಅದನ್ನೇ ಮೊದಲಿಗೆ ತಂದರು. ಹಾಗಾಗಿ ಪಿನಾನ್ ನಿದಾನ್ ಹೇಯಾನ್ ಶೋದಾನ್ ಆಯಿತು. (‘ಶೋದಾನ್’ ಅಂದರೆ ಮೊದಲನೆಯದು, ‘ನಿದಾನ್’ ಅಂದರೆ ಎರಡನೆಯದು. ನಮ್ಮ ಕಿವಿಗೆ ‘ನಿಧಾನ’ ಅಂತ ಕೇಳಿಸಿದರೂ ನಷ್ಟವಿಲ್ಲ, ಕಲಿಯಬೇಕಾದ್ದು ಹಾಗೇ ಅಲ್ವಾ?) ಮಂಡಿ ಬಗ್ಗಿಸಿ ನಿಲ್ಲುವ ಭಂಗಿ ಜಪಾನಿನ ಮುಖ್ಯ ದ್ವೀಪಗಳಲ್ಲಿ ಆಮೇಲೆ ಬೆಳೆದದ್ದು. ಹಳತು ಅನ್ನೋದೇ ಅಳತೆಗೋಲಾದರೆ ನಿಮ್ಮ ಹೊಸ ಮೇಷ್ಟ್ರೇ ಗೆದ್ದರು.

ಆದರೆ ನನಗೆ ಆ ಅಳತೆಗೋಲಿನ ಮೇಲೇ ನಂಬಿಕೆಯಿಲ್ಲ. ಇತೋಸು ಕೂಡ ಬದಲಾಯಿಸಿದವರೇ. ಗುಟ್ಟಾಗಿ ಒಬ್ಬಿಬ್ಬರಿಗೆ ಕಲಿಸುತ್ತಿದ್ದ ವಿದ್ಯೆಯನ್ನು ಶಾಲೆಯ ಅಂಗಳಕ್ಕೆ ತಂದರು. ಹಾಗಂತ ಅದನ್ನು ಬರೀ ಡ್ರಿಲ್ ಆಗೋಕೆ ಬಿಡುವ ಮನಸ್ಸು ಅವರಿಗಿರಲಿಲ್ಲ. 1908ರಲ್ಲಿ ಅವರು ಬರೆದ ಹತ್ತು ಅಂಶಗಳ ಪತ್ರವೊಂದಿದೆ. ಅಭ್ಯಾಸ ಮಾಡುವಾಗ ರಣರಂಗದಲ್ಲಿ ನಿಂತ ಹಾಗಿರಬೇಕು, ಕಣ್ಣಲ್ಲಿ ಕಿಡಿ ಇರಬೇಕು, ಹೆಗಲು ಇಳಿದಿರಬೇಕು ಅಂತ ಅದರಲ್ಲಿ ಹೇಳುತ್ತಾರೆ.

ಚಿಕ್ಕಂದಿನಲ್ಲಿ ನಾನೂ ಎರಡು ವರ್ಷ ಕರಾಟೆಗೆ ಹೋಗಿದ್ದೆ. ‘ಇಚಿ, ನಿ, ಸಾನ್’ (ಜಪಾನಿಯ ಒಂದು, ಎರಡು, ಮೂರು) ಅಂತ ಕೂಗಿ ಗಂಟಲು ಕಟ್ಟುತ್ತಿತ್ತು. ಒಂದು ಕೈ ಗುದ್ದುವಾಗ ಇನ್ನೊಂದು ಕೈ ಸೊಂಟಕ್ಕೆ ಯಾಕೆ ಬರಬೇಕು ಅಂತ ಒಮ್ಮೆ ಕೇಳಿದ್ದಕ್ಕೆ ಇಪ್ಪತ್ತು ಬಸ್ಕಿ ಹೊಡೆಸಿದರು. ಉತ್ತರ ಸಿಕ್ಕಿದ್ದು ಎಷ್ಟೋ ವರ್ಷದ ಮೇಲೆ. ಬೇರೊಬ್ಬರು ‘ನನ್ನ ಮಣಿಕಟ್ಟು ಹಿಡಿಯಿರಿ’ ಅಂದರು. ಹಿಡಿದೆ. ಅವರು ನನ್ನ ಕೈಯನ್ನೇ ತಿರುಗಿಸಿ ಹಿಡಿದು ಸೊಂಟಕ್ಕೆ ಎಳೆದುಕೊಂಡರು. ನಾನು ಮುಗ್ಗರಿಸಿದೆ. ಅಷ್ಟರಲ್ಲಿ ಅವರ ಇನ್ನೊಂದು ಮುಷ್ಟಿ ನನ್ನ ಗಲ್ಲದ ಹತ್ತಿರ ಬಂದು ನಿಂತಿತ್ತು. ಸುಮ್ನೆ ಹಿಂದಕ್ಕೆ ಹೋಗೋ ಕೈಯಲ್ಲ ಅದು, ಹಿಡಿದೆಳೆಯೋ ಕೈ!

ಹಾಗಾಗಿ ಮಗನಿಗೆ ಇದೇ ಪ್ರಶ್ನೆ ಕೇಳೋಕೆ ಹೇಳಿ. ಮೇಷ್ಟ್ರು ಕೈ ಹಿಡಿಸಿ ತೋರಿಸಿದರೆ ಪಿನಾನೋ ಹೇಯಾನೋ ಅಂತ ತಲೆ ಕೆಡಿಸಿಕೊಳ್ಳಬೇಡಿ. ಬಸ್ಕಿ ಹೊಡೆಸಿದರೆ ಇನ್ನೊಂದು ಪತ್ರ ಬರೆಯಿರಿ.

ಇನ್ನು ಹಸಿರು ಬೆಲ್ಟ್ ಹೋಯಿತೆಂಬ ದುಃಖ. ಅದಕ್ಕೆ ಕಟ್ಟಿದ ಪರೀಕ್ಷೆ ಫೀಸು ನೆನೆದರೆ ನಿಮಗೇ ಜಾಸ್ತಿ ಹೊಟ್ಟೆ ಉರಿದಿರಬೇಕು. ಕರಾಟೆಗೆ ಬೆಲ್ಟ್ ಬಂದದ್ದು ಜೂಡೋದಿಂದ. ಫುನಾಕೋಶಿ ಮೊದಲ ಕಪ್ಪು ಬೆಲ್ಟುಗಳನ್ನು ಕೊಟ್ಟದ್ದು 1924ರಲ್ಲಿ. ಇತೋಸು ತೀರಿಕೊಂಡದ್ದು 1915ರಲ್ಲಿ. ಅವರಿಗೆ ಬಿಳಿ ಬೆಲ್ಟೂ ಸಿಕ್ಕಿರಲಿಲ್ಲ ಅಂತ ಮಗನಿಗೆ ಹೇಳಿ.

– ಸಂ.