ಲೈಟ್ನಿಂಗ್ ಡ್ರಾಫ್ಟ್ ಲೆಕ್ಕ, ಮತ್ತು ಸಿರಕ್ಯೂಸ್ ಹುಡುಗರನ್ನು ಅಳೆಯುವ ಕ್ರಮ

ಮೇಲೆ ಎರಡು ಪ್ರಶ್ನೆ ಬಂದಿವೆ. ಟ್ಯಾಂಪಾ ಬೇ ಲೈಟ್ನಿಂಗ್‌ನವರಿಗೆ ಹುಡುಗರನ್ನು ಆರಿಸುವ ಕೈ ತಪ್ಪಿತೇ ಅನ್ನುವುದು ಒಂದು. ಅವರ ಕೆಳಗಿನ ತಂಡ ಸಿರಕ್ಯೂಸ್ ಕ್ರಂಚ್‌ನಲ್ಲಿ ಯಾರು ಮೇಲೆ ಬರಬಹುದು ಅಂತ ನಾವೇ ಹೇಗೆ ಅಂದಾಜು ಮಾಡುವುದು ಅನ್ನುವುದು ಇನ್ನೊಂದು. (ಗುಂಪಿಗೆ ಹೊಸಬರಿಗೆ: ಇದು ಐಸ್ ಹಾಕಿ ಮಾತು, ಕೊಡಗಿನ ಹಾಕಿಯದಲ್ಲ. ಲೈಟ್ನಿಂಗ್ ಆಡುವುದು ಉತ್ತರ ಅಮೆರಿಕದ ದೊಡ್ಡ ಲೀಗ್ ಎನ್‌ಎಚ್‌ಎಲ್‌ನಲ್ಲಿ, ಕ್ರಂಚ್ ಅದರ ಕೆಳಗಿನ ಲೀಗ್ ಎಎಚ್‌ಎಲ್‌ನಲ್ಲಿ. ಡ್ರಾಫ್ಟ್ ಅಂದರೆ ತಂಡಗಳು ವರ್ಷಕ್ಕೊಮ್ಮೆ ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವುದು; ಒಂದೊಂದು ಸರದಿ ಒಂದು ಪಿಕ್, ಅದನ್ನು ಬೇರೆ ತಂಡಕ್ಕೆ ಕೊಡಲೂಬಹುದು.) ಮೊದಲನೆಯದಕ್ಕೆ ನನ್ನ ಉತ್ತರ: ಕೈ ತಪ್ಪಿಲ್ಲ, ಬಿತ್ತನೆ ಬೀಜವನ್ನೇ, ಅಂದರೆ ಪಿಕ್‌ಗಳನ್ನೇ, ಮಾರಿದ್ದಾರೆ. ಅದನ್ನು ಮಾರಿ 2020 ಮತ್ತು 2021ರಲ್ಲಿ ಎರಡು ಸ್ಟ್ಯಾನ್ಲಿ ಕಪ್ (ಎನ್‌ಎಚ್‌ಎಲ್ ಗೆದ್ದವರ ಕಪ್) ತಂದಿದ್ದಾರೆ. ಕಣಜ ಖಾಲಿ ಕಾಣುವುದು ಅದಕ್ಕೇ.

ಹಳೆಯ ಬೆಳೆ ನೋಡಿ. 2008ರ ಮೊದಲ ಪಿಕ್ ಸ್ಟೀವನ್ ಸ್ಟ್ಯಾಮ್ಕೋಸ್, 2009ರ ಎರಡನೆಯ ಪಿಕ್ ವಿಕ್ಟರ್ ಹೆಡ್ಮನ್. ಅಷ್ಟು ಮೇಲಿನ ಪಿಕ್‌ಗೆ ಹೆಚ್ಚು ಅಂಕ ಕೊಡಬೇಡಿ, ಆ ಜಾಗದಲ್ಲಿ ಯಾರಿದ್ದರೂ ಅವರನ್ನೇ ಎತ್ತುತ್ತಿದ್ದರು. ನಿಜವಾದ ಸಂಪಾದನೆ ಕೆಳಗಿನ ಸುತ್ತುಗಳದು. 2011ರಲ್ಲಿ 58ನೆಯವನಾಗಿ ನಿಕಿತಾ ಕುಚೆರೊವ್. ಅದೇ ಡ್ರಾಫ್ಟ್‌ನಲ್ಲಿ 211 ಜನರಲ್ಲಿ 208ನೆಯವನಾಗಿ ಒಂಡ್ರೇ ಪಲಾಟ್. 2014ರಲ್ಲಿ 79ಕ್ಕೆ ಬ್ರೇಡನ್ ಪಾಯಿಂಟ್, 2015ರಲ್ಲಿ 72ಕ್ಕೆ ಆಂಥೊನಿ ಸಿರೆಲ್ಲಿ, 2016ರಲ್ಲಿ 118ಕ್ಕೆ ರಾಸ್ ಕೋಲ್ಟನ್. ಟೈಲರ್ ಜಾನ್ಸನ್ ಮತ್ತು ಯಾನಿ ಗೂರ್ಡ್‌ರನ್ನು ಡ್ರಾಫ್ಟ್‌ನಲ್ಲಿ ಯಾವ ತಂಡವೂ ಕರೆಯಲಿಲ್ಲ, ಇವರು ಆಮೇಲೆ ಒಪ್ಪಂದ ಮಾಡಿಕೊಂಡು ತಂದರು. ಈ ಪಟ್ಟಿಯಲ್ಲಿ ಎರಡು ಗುಣ ಮತ್ತೆ ಮತ್ತೆ ಕಾಣುತ್ತವೆ. ಒಂದು, ಗಿಡ್ಡ ಅಂತ ಬೇರೆಯವರು ಬಿಟ್ಟ ಚುರುಕು ಹುಡುಗರು. ಜಾನ್ಸನ್ 5 ಅಡಿ 8 ಅಂಗುಲ. ಇನ್ನೊಂದು, ಮೊದಲ ಅವಕಾಶದಲ್ಲಿ ಆಯ್ಕೆಯಾಗದೆ ಒಂದೆರಡು ವರ್ಷ ತಡವಾಗಿ ಸಿಕ್ಕವರು; ಪಲಾಟ್, ಕೋಲ್ಟನ್ ಇಬ್ಬರೂ ಹಾಗೇ.

ಹಾಗಂತ ಎಲ್ಲವೂ ಸರಿಬಿದ್ದಿದೆ ಅಂತಲ್ಲ. ಯಾವ ಪಿಕ್ ಆದರೂ ಅದರ ಹಿಂದಿನ ಐದು, ಮುಂದಿನ ಹತ್ತು ಹೆಸರನ್ನು ಪಕ್ಕದಲ್ಲಿ ಬರೆದುಕೊಂಡು ನೋಡಿ. ಒಬ್ಬನನ್ನೇ ಇಟ್ಟುಕೊಂಡು 'ಒಳ್ಳೆಯ ಪಿಕ್', 'ಕೆಟ್ಟ ಪಿಕ್' ಅಂದರೆ ಅದಕ್ಕೆ ಅರ್ಥವಿಲ್ಲ. 2012ರಲ್ಲಿ 10ನೆಯವನಾಗಿ ಡಿಫೆನ್ಸ್‌ಮನ್ ಸ್ಲೇಟರ್ ಕೂಕೂ‌ನನ್ನು ತೆಗೆದುಕೊಂಡರು. 11ಕ್ಕೆ ಫಿಲಿಪ್ ಫೋರ್ಸ್‌ಬರ್ಗ್, 16ಕ್ಕೆ ಟಾಮ್ ವಿಲ್ಸನ್, 17ಕ್ಕೆ ತೊಮಾಶ್ ಹೆರ್ಟ್ಲ್ ಹೋದರು. ದೊಡ್ಡ ತಪ್ಪೇ. ಆದರೆ ಅದೇ ರಾತ್ರಿ 19ಕ್ಕೆ ಗೋಲ್‌ಕೀಪರ್ ಆಂದ್ರೇ ವಸಿಲೆವ್ಸ್ಕಿ ಇವರ ಕೈಗೆ ಬಂದ. ಒಂದು ವರ್ಷದ ಡ್ರಾಫ್ಟನ್ನು ಇಡಿಯಾಗಿ ತೂಗಬೇಕು, ಅದೂ ಕನಿಷ್ಠ ಐದು ವರ್ಷ ಕಳೆದ ಮೇಲೆ.

ಇನ್ನು ಈಗಿನ ಬಡತನದ ಲೆಕ್ಕ. 2018ರಿಂದ 2025ರವರೆಗಿನ ಎಂಟು ಡ್ರಾಫ್ಟ್‌ಗಳಲ್ಲಿ ಲೈಟ್ನಿಂಗ್ ಮೊದಲ ಸುತ್ತಿನಲ್ಲಿ ಆರಿಸಿದ್ದು ಇಬ್ಬರನ್ನು ಮಾತ್ರ: 2019ರಲ್ಲಿ 27ಕ್ಕೆ ನೋಲನ್ ಫೂಟ್, 2022ರಲ್ಲಿ 31ಕ್ಕೆ ಐಸಾಕ್ ಹೋವರ್ಡ್. ಆ ಇಬ್ಬರೂ ಈಗ ಟ್ಯಾಂಪಾದಲ್ಲಿಲ್ಲ. ಉಳಿದ ಪಿಕ್‌ಗಳು ಎಲ್ಲಿ ಹೋದವು? 2018ರ ಪಿಕ್ ರಯಾನ್ ಮೆಕ್‌ಡೊನಾ ಮತ್ತು ಜೆ.ಟಿ. ಮಿಲ್ಲರ್ ಬಂದ ವ್ಯವಹಾರಕ್ಕೆ. 2020ರಲ್ಲಿ ಕೈಯಲ್ಲಿದ್ದ ಎರಡು ಮೊದಲ ಸುತ್ತಿನ ಪಿಕ್‌ಗಳಲ್ಲಿ ಒಂದು, ಜೊತೆಗೆ ಫೂಟ್, ಬ್ಲೇಕ್ ಕೋಲ್‌ಮನ್‌ಗೆ. ಇನ್ನೊಂದು ಬಾರ್ಕ್ಲೇ ಗುಡ್ರೋಗೆ. 2021ರದು ಡೇವಿಡ್ ಸವಾರ್ಡ್‌ಗೆ. 2023 ಮತ್ತು 2024ರವು ಬ್ರ್ಯಾಂಡನ್ ಹೇಗಲ್‌ಗೆ. 2025ರದು ಟ್ಯಾನರ್ ಜೀನೋಗೆ. ಕೋಲ್‌ಮನ್, ಗುಡ್ರೋ ಇಬ್ಬರೂ ಗೂರ್ಡ್ ಜೊತೆ ಮೂರನೆಯ ಲೈನ್‌ನಲ್ಲಿ (ಒಟ್ಟಿಗೆ ಇಳಿಯುವ ಮೂವರು ಫಾರ್ವರ್ಡ್‌ಗಳ ಗುಂಪು) ಆಡಿ ಎರಡು ಕಪ್ ಗೆದ್ದರು; ಆ ಪಿಕ್‌ಗಳು ವಸೂಲಾದವು. ಹೇಗಲ್ ಕೂಡ ಲಾಭವೇ. ಪೂರ್ತಿ ನಷ್ಟ ಅಂದರೆ ಜೀನೋ ವ್ಯವಹಾರ: ಐದು ಪಿಕ್, ಮೇಲೆ ಕ್ಯಾಲ್ ಫೂಟ್ ಬೇರೆ ಕೊಟ್ಟು ತಂದವನನ್ನು ಮುಂದಿನ ವರ್ಷವೇ ಕಡಿಮೆ ಬೆಲೆಗೆ ಬಿಟ್ಟರು. ಇದು ಮ್ಯಾನೇಜರ್ ಲೆಕ್ಕ. ಹುಡುಗರನ್ನು ಹುಡುಕುವ ಸ್ಕೌಟ್‌ಗಳ ತಲೆಗೆ ಕಟ್ಟಬೇಡಿ.

ಎರಡನೆಯ ಪ್ರಶ್ನೆಗೆ ಬರುತ್ತೇನೆ. ಇದರಲ್ಲಿ ಹೇಳುವುದು ಹೆಚ್ಚಿದೆ.

ಎಎಚ್‌ಎಲ್ ಒಂದು ಸಸಿಮಡಿ. ಅಲ್ಲಿ ಸಸಿ ಎಷ್ಟು ದಿನ ಇರಬೇಕು ಅನ್ನುವುದರಲ್ಲೇ ಹೆಚ್ಚಿನ ತಂಡಗಳು ಎಡವುತ್ತವೆ. 2010ರಲ್ಲಿ 6ನೆಯವನಾಗಿ ಬಂದ ಬ್ರೆಟ್ ಕನೊಲಿಯನ್ನು ನೋಡಿ. ಕೆನಡಾದ ಜೂನಿಯರ್ ಲೀಗಿನಿಂದ ಆರಿಸಿದ ಹುಡುಗ 20 ತುಂಬುವ ಮುನ್ನ ಎಎಚ್‌ಎಲ್‌ಗೆ ಹೋಗುವಂತಿರಲಿಲ್ಲ. ಒಂದೋ ಎನ್‌ಎಚ್‌ಎಲ್, ಇಲ್ಲವೇ ವಾಪಸ್ ಜೂನಿಯರ್. (2026-27ರಿಂದ ತಂಡಕ್ಕೆ ಒಬ್ಬ 19ರ ಹುಡುಗನಿಗೆ ವಿನಾಯಿತಿ ಕೊಟ್ಟಿದ್ದಾರೆ, ಇದು ಬಹಳ ಹಿಂದೆಯೇ ಆಗಬೇಕಿತ್ತು.) 2011-12ರಲ್ಲಿ ಕನೊಲಿಯನ್ನು ನೇರ ಎನ್‌ಎಚ್‌ಎಲ್‌ನಲ್ಲೇ ಇಟ್ಟುಕೊಂಡರು: 68 ಪಂದ್ಯ, 4 ಗೋಲು. ಕೆಳಗಿನ ಲೈನ್‌ಗಳಲ್ಲಿ ಕಡಿಮೆ ಹೊತ್ತು ಆಡುವ ಹುಡುಗನಿಗೆ ಪಕ್ (ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ) ಹಿಡಿದು ಆಟ ಕಟ್ಟುವ ಅಭ್ಯಾಸವೇ ತಪ್ಪುತ್ತದೆ, ತಪ್ಪು ಮಾಡಬಾರದು ಅನ್ನುವ ಭಯವೊಂದೇ ಉಳಿಯುತ್ತದೆ. ಅವನೇ ಮುಂದೆ 2018-19ರಲ್ಲಿ ವಾಷಿಂಗ್ಟನ್‌ಗೆ 22 ಗೋಲು ಹೊಡೆದ. ಆಟ ಇತ್ತು, ಕಾಯಬೇಕಿತ್ತು.

ಅದೇ ಹೊತ್ತಿಗೆ ಕೆಳಗೆ ನಾರ್ಫೋಕ್ ಅಡ್ಮಿರಲ್ಸ್‌ನಲ್ಲಿ (ಆಗ ಲೈಟ್ನಿಂಗ್‌ನ ಎಎಚ್‌ಎಲ್ ತಂಡ ಅದೇ) ಜಾನ್ ಕೂಪರ್ ಕೋಚ್. ಜಾನ್ಸನ್, ಪಲಾಟ್ ಇಬ್ಬರೂ ಅಲ್ಲಿದ್ದರು. ಆ ತಂಡ ಸತತ 28 ಪಂದ್ಯ ಗೆದ್ದು ಎಎಚ್‌ಎಲ್ ಗೆದ್ದವರಿಗೆ ಸಿಗುವ ಕಾಲ್ಡರ್ ಕಪ್ಪನ್ನು 2012ರಲ್ಲಿ ಎತ್ತಿತು. ಮುಂದಿನ ವರ್ಷ ಅದೇ ಗುಂಪು ಸಿರಕ್ಯೂಸ್‌ಗೆ ಹೋಗಿ ಮತ್ತೆ ಫೈನಲ್ ಆಡಿತು. 2013ರ ಮಾರ್ಚ್‌ನಲ್ಲಿ ಕೂಪರ್ ಟ್ಯಾಂಪಾಗೆ ಬಂದಾಗ ಈ ಹುಡುಗರಿಗೆ ಅವನ ಆಟದ ಕ್ರಮ ಬಾಯಿಪಾಠವಾಗಿತ್ತು. 2013-14ರಲ್ಲಿ ಜಾನ್ಸನ್, ಪಲಾಟ್ ಇಬ್ಬರೂ ವರ್ಷದ ಹೊಸ ಆಟಗಾರ ಪ್ರಶಸ್ತಿಯ ಕೊನೆಯ ಮೂವರಲ್ಲಿದ್ದರು. ಮೇಲಿನ ತಂಡ, ಕೆಳಗಿನ ತಂಡ ಎರಡೂ ಒಂದೇ ರೀತಿ ಆಡುತ್ತಿವೆಯೇ ಅಂತ ಮೊದಲು ನೋಡಿ ಅನ್ನುವುದು ಇದಕ್ಕೇ. ಕೆಳಗೆ ಒಂದು ಫೋರ್‌ಚೆಕ್ (ಎದುರಾಳಿಯನ್ನು ಅವರ ತುದಿಯಲ್ಲೇ ಒತ್ತುವ ಕ್ರಮ), ಮೇಲೆ ಇನ್ನೊಂದು ಇದ್ದರೆ ಹುಡುಗ ಬಂದ ಮೇಲೆ ಮತ್ತೆ ಅಆಇಈ ಶುರು.

ಪಾಯಿಂಟ್ (ಹೊಡೆದ ಗೋಲು, ಗೋಲಿಗೆ ಕೊಟ್ಟ ಪಾಸ್ ಎರಡೂ ಸೇರಿ) ಎಣಿಸುವಾಗ ವಯಸ್ಸನ್ನು ಪಕ್ಕದಲ್ಲೇ ಬರೆಯಿರಿ. 2011-12ರಲ್ಲಿ ಕೋರಿ ಕೊನಾಕರ್ 22ರ ವಯಸ್ಸಿನಲ್ಲಿ 80 ಪಾಯಿಂಟ್ ಗಳಿಸಿ ಎಎಚ್‌ಎಲ್‌ನ ಅತ್ಯುತ್ತಮ ಆಟಗಾರನಾದ. ಕುಚೆರೊವ್ 2013-14ರಲ್ಲಿ 20ರ ವಯಸ್ಸಿನಲ್ಲಿ ಸಿರಕ್ಯೂಸ್‌ಗೆ ಆಡಿದ್ದು ಬರೀ 17 ಪಂದ್ಯ, ಗಳಿಸಿದ್ದು 24 ಪಾಯಿಂಟ್. ಮುಂದೆ ಎನ್‌ಎಚ್‌ಎಲ್‌ನಲ್ಲಿ ಒಂದೇ ಋತುವಿನಲ್ಲಿ 128 ಪಾಯಿಂಟ್ ಮಾಡಿದ್ದು ಎರಡನೆಯವನು. ಸಾಮಾನ್ಯವಾಗಿ ಎಎಚ್‌ಎಲ್‌ನ ಒಂದು ಪಾಯಿಂಟ್ ಮೇಲೆ ಹೋದರೆ ಅರ್ಧವೂ ನಿಲ್ಲುವುದಿಲ್ಲ. ವಯಸ್ಸು ಹೆಚ್ಚಿದ್ದಷ್ಟೂ ಇನ್ನೂ ಸೊರಗುತ್ತದೆ. ಟ್ಯಾಂಪಾದವರು ಕೊನಾಕರ್‌ನನ್ನು ಬೆಲೆಯಿದ್ದಾಗಲೇ 2013ರಲ್ಲಿ ಒಟ್ಟಾವಾಗೆ ಕೊಟ್ಟು ಬೆನ್ ಬಿಷಪ್‌ನನ್ನು ತಂದರು. ಅದೂ ಡ್ರಾಫ್ಟ್ ಲೆಕ್ಕದ ಪಕ್ಕದಲ್ಲಿ ಬರೆಯಬೇಕಾದ ಸಾಲು. ಅದೇ ರೀತಿ 2013ರ ಮೂರನೆಯ ಪಿಕ್ ಜೊನಾಥನ್ ಡ್ರುವೆನ್. 2016ರ ಜನವರಿಯಲ್ಲಿ ಸಿರಕ್ಯೂಸ್‌ಗೆ ಆಡಲಾರೆ ಅಂತ ಕೂತ, ಅಮಾನತೂ ಆಯಿತು. ಆಗಲೇ ಮಾರಿದ್ದರೆ ಸಿಗುತ್ತಿದ್ದುದು ಚಿಲ್ಲರೆ. ತಡೆದು, ಆಡಿಸಿ, 2017ರ ಜೂನ್‌ನಲ್ಲಿ ಮಾಂಟ್ರಿಯಲ್‌ಗೆ ಕೊಟ್ಟು ಮಿಖಾಯಿಲ್ ಸೆರ್ಗಚೆವ್‌ನನ್ನು ಪಡೆದರು.

ಪಂದ್ಯ ನೋಡುವಾಗ ಪಕ್ ಹಿಂದೆ ಕಣ್ಣು ಓಡಿಸಬೇಡಿ, ಒಬ್ಬನನ್ನೇ ಹಿಡಿದುಕೊಳ್ಳಿ. ಡಿಫೆನ್ಸ್‌ಮನ್ ಆದರೆ: ಎದುರಾಳಿ ಪಕ್ಕನ್ನು ಮೂಲೆಗೆ ಎಸೆದಾಗ ಇವನು ಹಿಂದೆ ತಿರುಗಿ ಓಡುತ್ತಾನಲ್ಲ, ಆಗ ಪಕ್ ಮುಟ್ಟುವ ಮುನ್ನ ಎರಡೂ ಭುಜದ ಮೇಲಿಂದ ಒಮ್ಮೊಮ್ಮೆ ಹಿಂದಕ್ಕೆ ನೋಡುತ್ತಾನೆಯೇ? ನೋಡಿದವನಿಗೆ ಪಕ್ ಸಿಕ್ಕಾಗ ಪಾಸ್ ಎಲ್ಲಿಗೆ ಅಂತ ಗೊತ್ತಿರುತ್ತದೆ. ನೋಡದವನು ಗೋಡೆಗೆ ಹೊಡೆದು ಕೈ ತೊಳೆದುಕೊಳ್ಳುತ್ತಾನೆ. ಎಎಚ್‌ಎಲ್‌ನಲ್ಲಿ ಅದು ನಡೆಯುತ್ತದೆ, ಎನ್‌ಎಚ್‌ಎಲ್‌ನಲ್ಲಿ ಆ ಪಕ್ ನೇರ ಎದುರಾಳಿಯ ಕೋಲಿಗೆ. ಫಾರ್ವರ್ಡ್ ಆದರೆ ಪಕ್ ಇಲ್ಲದಾಗ ಎಲ್ಲಿಗೆ ಹೋಗುತ್ತಾನೆ ನೋಡಿ. 2021ರ ಫೈನಲ್‌ನ ಐದನೆಯ ಪಂದ್ಯ 1-0. ಆ ಒಂದು ಗೋಲು ಕೋಲ್ಟನ್‌ನದು: ಸವಾರ್ಡ್ ಪಾಸ್ ಕೊಡುವಾಗ ಅವನು ಕೋಲನ್ನು ಮಂಜಿಗೆ ಒತ್ತಿಕೊಂಡು ನೇರ ಗೋಲಿನ ಬಾಯಿಗೆ ನುಗ್ಗುತ್ತಿದ್ದ. ಸಿರಕ್ಯೂಸ್‌ನಲ್ಲಿ ಎರಡು ಋತು ಆಡಿ ಬಂದವನು ಅವನು.

ಒಂದು ಎಕ್ಸೆಲ್ ಹಾಳೆ ಸಾಕು. ಹೆಸರು, ಹುಟ್ಟಿದ ತಿಂಗಳು-ವರ್ಷ, ಪಿಕ್, ಯಾವ ಲೈನ್, ಪವರ್ ಪ್ಲೇಯಲ್ಲಿ (ಎದುರಾಳಿಗೆ ಶಿಕ್ಷೆಯಾಗಿ ಒಬ್ಬ ಕಡಿಮೆ ಇದ್ದಾಗ) ಇದ್ದಾನೆಯೇ, ಪೆನಾಲ್ಟಿ ಕಿಲ್‌ನಲ್ಲಿ (ನಮ್ಮವರೇ ಒಬ್ಬ ಕಡಿಮೆ ಇದ್ದಾಗ) ಇದ್ದಾನೆಯೇ, ಒಂದು ಗೋಲಿನ ಮುನ್ನಡೆಯಲ್ಲಿ ಕೊನೆಯ ಎರಡು ನಿಮಿಷ ಕೋಚ್ ಇಳಿಸುತ್ತಾನೆಯೇ. ಕೊನೆಯ ಕಾಲಮ್‌ಗೆ ಪಾಯಿಂಟ್‌ಗಿಂತ ಬೆಲೆ ಹೆಚ್ಚು. ಎಎಚ್‌ಎಲ್ ಋತು 72 ಪಂದ್ಯದ್ದು, ಹತ್ತು ಹತ್ತು ಪಂದ್ಯಕ್ಕೊಮ್ಮೆ ತುಂಬಿ. ಹಿರಿಯರ ನಿಯಮವೂ ನೆನಪಿರಲಿ: ಗೋಲ್‌ಕೀಪರ್‌ಗಳನ್ನು ಬಿಟ್ಟು ಕಣಕ್ಕಿಳಿಯುವ 18 ಜನರಲ್ಲಿ 13 ಮಂದಿ ಬೆಳೆಯುವ ವರ್ಗದವರೇ ಇರಬೇಕು, ಅವರಲ್ಲಿ 12 ಜನರ ವೃತ್ತಿಪರ ಪಂದ್ಯ 260 ಮೀರಬಾರದು, ಒಬ್ಬನಿಗೆ 320ರವರೆಗೆ ಅವಕಾಶ. ಹುಡುಗ ತಂಡದಲ್ಲಿದ್ದಾನೆ ಅಂದಮಾತ್ರಕ್ಕೆ ಕೋಚ್‌ಗೆ ನಂಬಿಕೆ ಇದೆ ಅಂತಲ್ಲ.

ಇನ್ನೊಂದು ಕಾಲಮ್ ವೇವರ್ಸ್‌ಗೆ (ಕೆಳಗೆ ಕಳಿಸುವವನನ್ನು ಮೊದಲು ಬೇರೆ ತಂಡಗಳ ಮುಂದಿಡುವ ನಿಯಮ). 20ನೇ ವಯಸ್ಸಿಗೆ ಸಹಿ ಹಾಕಿದ ಆಟಗಾರನನ್ನು 3 ವರ್ಷ ಅಥವಾ 160 ಎನ್‌ಎಚ್‌ಎಲ್ ಪಂದ್ಯ, ಯಾವುದು ಮೊದಲೋ ಅಲ್ಲಿಯವರೆಗೆ, ವೇವರ್ಸ್ ಇಲ್ಲದೆ ಕೆಳಗೆ ಕಳಿಸಬಹುದು. ಅದೇ ವಯಸ್ಸಿಗೆ ಸಹಿ ಹಾಕಿದ ಗೋಲ್‌ಕೀಪರ್‌ಗೆ 4 ವರ್ಷ ಅಥವಾ 80 ಪಂದ್ಯ. ಅವಧಿ ಮುಗಿದವನನ್ನು ಕಳಿಸಬೇಕಾದರೆ ಉಳಿದ ತಂಡಗಳೆಲ್ಲ ಎತ್ತಿಕೊಳ್ಳಲು ಅವಕಾಶ ಕೊಟ್ಟೇ ಕಳಿಸಬೇಕು. ಅಕ್ಟೋಬರ್‌ನಲ್ಲಿ ಚೆನ್ನಾಗಿ ಆಡಿದವನು ಕೆಳಗೆ, ಸಾಧಾರಣದವನು ಮೇಲೆ ಉಳಿದರೆ ಕೋಚ್‌ನನ್ನು ಬೈಯುವ ಮುನ್ನ ಈ ಕಾಲಮ್ ನೋಡಿ.

ಆರಿಸಿದವನ ಮೇಲೆ ತಂಡದ ಹಕ್ಕು ಮುಗಿಯುವ ದಿನಾಂಕವನ್ನೂ ಬರೆದಿಡಿ. ಆರಿಸಿದ ಹುಡುಗ ಸಹಿ ಹಾಕದಿದ್ದರೆ ಪಿಕ್ ನೀರಿಗೆ ಹಾಕಿದಂತೆ. ಹೋವರ್ಡ್ 2025ರಲ್ಲಿ ಅಮೆರಿಕದ ಕಾಲೇಜು ಹಾಕಿಯ ಅತ್ಯುತ್ತಮ ಆಟಗಾರ ಪ್ರಶಸ್ತಿ ಗೆದ್ದ. ಟ್ಯಾಂಪಾ ಜೊತೆ ಒಪ್ಪಂದ ಕುದುರಲಿಲ್ಲ, ಜುಲೈನಲ್ಲಿ ಎಡ್ಮಂಟನ್‌ಗೆ ಕೊಟ್ಟು ಸ್ಯಾಮ್ ಒ'ರೈಲಿಯನ್ನು ಪಡೆದರು. ಹೇಗಲ್‌ನದು ಇದರ ಇನ್ನೊಂದು ಮುಖ: 2016ರಲ್ಲಿ 159ಕ್ಕೆ ಆರಿಸಿದ ಬಫಲೋ ಅವನಿಗೆ ಒಪ್ಪಂದವನ್ನೇ ಕೊಡಲಿಲ್ಲ, ಶಿಕಾಗೋ ಪಿಕ್ ಖರ್ಚಿಲ್ಲದೆ ಅವನ ಜೊತೆ ಒಪ್ಪಂದ ಮಾಡಿಕೊಂಡಿತು, ಕೊನೆಗೆ ಟ್ಯಾಂಪಾ ಅವನಿಗಾಗಿ ಎರಡು ಮೊದಲ ಸುತ್ತಿನ ಪಿಕ್ ತೆತ್ತಿತು. ನಿಮ್ಮ ಹಾಳೆಯಲ್ಲಿ ಬಫಲೋ ಸಾಲಿನಲ್ಲೂ ಆ ಹೆಸರು ಇರಬೇಕು, ನಷ್ಟದ ಕಡೆ.