ಆಲಿವರ್ ಬೇರ್‌ಮನ್ ನಿಜಕ್ಕೂ ಅಷ್ಟು ಒಳ್ಳೆಯ ಡ್ರೈವರ್ರಾ? ಮುಂದೆ ಫೆರಾರಿಗೆ ಹೋಗ್ತಾನಾ?

ನಿಮ್ಮ ಅನುಮಾನ ಅರ್ಥವಾಗುತ್ತದೆ. ಬೇರ್‌ಮನ್ ಫಾರ್ಮುಲಾ 1 ರೇಸಿಂಗ್‌ನಲ್ಲಿ ಹಾಸ್ ತಂಡದ ಡ್ರೈವರ್; 2024ರಲ್ಲಿ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ 2ರಲ್ಲಿ 12ನೇ ಸ್ಥಾನ ಪಡೆದ ಹುಡುಗನನ್ನು ಇಷ್ಟೊಂದು ಹೊಗಳುವುದು ಯಾಕೆ ಅಂತ ಕೇಳಿದ್ದೀರಿ. ನನ್ನ ಉತ್ತರ ನೇರವಾಗಿಯೇ ಹೇಳುತ್ತೇನೆ: ಹೌದು, ಆತ ಒಳ್ಳೆಯ ಡ್ರೈವರ್, ಬಹಳ ಒಳ್ಳೆಯವನು. ಫೆರಾರಿಗೆ ಹೋಗುವ ಯೋಗ್ಯತೆಯೂ ಇದೆ. ಆದರೆ ಅವನು ಬಿಡಲೇಬೇಕಾದ ಒಂದು ಚಾಳಿ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ 12ನೇ ಸ್ಥಾನದ ವಿಷಯ. ಕೆಳಗಿನ ದರ್ಜೆಯ ಪಾಯಿಂಟ್ ಪಟ್ಟಿಯನ್ನು ಮಾತ್ರ ನೋಡಿ ಡ್ರೈವರನ್ನು ಅಳೆಯಬೇಡಿ. ಫೆಲಿಪೆ ಡ್ರುಗೊವಿಚ್ 2022ರಲ್ಲಿ, ಥಿಯೋ ಪೂರ್ಶೇರ್ 2023ರಲ್ಲಿ ಫಾರ್ಮುಲಾ 2 ಚಾಂಪಿಯನ್ ಆದರು. ಮರುವರ್ಷ ಇಬ್ಬರಿಗೂ ಫಾರ್ಮುಲಾ 1 ಸೀಟು ಸಿಗಲಿಲ್ಲ. ತಂಡದವರು ಹುಡುಕುವುದು ಬೇರೆಯದನ್ನೇ. ಹೊಸ ಕಾರಿಗೆ ಎಷ್ಟು ಬೇಗ ಹೊಂದಿಕೊಳ್ಳುತ್ತಾನೆ, ಅದೇ ಕಾರಿನಲ್ಲಿರುವ ಟೀಮ್‌ಮೇಟ್‌ಗಿಂತ ಎಷ್ಟು ವೇಗ, ಇವೆರಡೇ ನನಗೂ ಮುಖ್ಯ ಅನ್ನಿಸುತ್ತವೆ.

ಇಲ್ಲಿ ಬೇರ್‌ಮನ್ ಅಪರೂಪದವನು. 2021ರಲ್ಲಿ ಒಂದೇ ವರ್ಷ ಇಟಲಿ ಮತ್ತು ಜರ್ಮನಿಯ ಫಾರ್ಮುಲಾ 4 ಎರಡನ್ನೂ ಗೆದ್ದ. 2023ರಲ್ಲಿ ಬಾಕುವಿನ ಬೀದಿಗಳಲ್ಲಿ ಫಾರ್ಮುಲಾ 2ರ ಎರಡೂ ರೇಸು ಅವನದೇ. ಆದರೆ ನನಗೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ 2024ರಲ್ಲಿ ಸೌದಿ ಅರೇಬಿಯಾದ ಜೆಡ್ಡಾದಲ್ಲಿ ನಡೆದ ರೇಸು. ಫಾರ್ಮುಲಾ 2ರಲ್ಲಿ ಪೋಲ್ (ರೇಸಿಗೆ ಮೊದಲನೇ ಸ್ಥಾನದಿಂದ ಹೊರಡುವ ಅವಕಾಶ) ಹೊಡೆದು ಕೂತಿದ್ದವನನ್ನು, ಫೆರಾರಿ ಡ್ರೈವರ್ ಸೈನ್ಸ್‌ಗೆ ಅಪೆಂಡಿಸೈಟಿಸ್ ಆಯ್ತು ಅಂತ, ಫೆರಾರಿಯವರು ಶುಕ್ರವಾರ ಕರೆದು ಕೂರಿಸಿದರು. ವಯಸ್ಸು 18. ಯಾರು ಎಲ್ಲಿಂದ ಹೊರಡಬೇಕು ಅಂತ ತೀರ್ಮಾನಿಸುವ ಕ್ವಾಲಿಫೈಯಿಂಗ್‌ಗೆ ಮೊದಲು ಸಿಕ್ಕಿದ್ದು ಒಂದೇ ಒಂದು ಪ್ರಾಕ್ಟೀಸ್. ಅದೂ ಎಂಥ ಟ್ರ್ಯಾಕ್! ಗೋಡೆಗಳ ಮಧ್ಯೆ ಅಷ್ಟು ವೇಗ, ಸ್ವಲ್ಪ ತಪ್ಪಿದರೂ ಕಥೆ ಮುಗಿಯಿತು. ಅಲ್ಲಿ ಏಳನೆಯವನಾಗಿ ಬಂದ, ನಾರಿಸ್ ಮತ್ತು ಹ್ಯಾಮಿಲ್ಟನ್‌ಗಿಂತ ಮುಂದೆ. ಅದೇ ವರ್ಷ ಬಾಕುವಿನಲ್ಲಿ ಹಾಸ್ ತಂಡದವರು ಕಾರು ಕೊಟ್ಟರು, ಅಲ್ಲಿನ ಟೀಮ್‌ಮೇಟ್ ಹುಲ್ಕೆನ್‌ಬರ್ಗ್‌ಗಿಂತ ಒಂದು ಸ್ಥಾನ ಮುಂದೆ, ಹತ್ತನೆಯವನಾಗಿ ಮುಗಿಸಿದ. ಮೊದಲ ಎರಡು ರೇಸು, ಎರಡು ಬೇರೆ ಬೇರೆ ತಂಡ, ಎರಡರಲ್ಲೂ ಪಾಯಿಂಟ್. ಇದು ಅದೃಷ್ಟದಿಂದ ಆಗುವ ಕೆಲಸ ಅಲ್ಲ.

2025 ಅವನ ಮೊದಲ ಪೂರ್ತಿ ಸೀಸನ್. ಟೀಮ್‌ಮೇಟ್ ಎಸ್ಟೆಬಾನ್ ಒಕಾನ್, ಗ್ರ್ಯಾಂಡ್ ಪ್ರಿ ಗೆದ್ದಿರುವ, ಅನುಭವಿ ಡ್ರೈವರ್. ಕೊನೆಗೆ ಬೇರ್‌ಮನ್ 41 ಪಾಯಿಂಟ್, ಒಕಾನ್ 38. ಅಂತರ ಕಡಿಮೆ ಅನ್ನಿಸಬಹುದು. ಆದರೆ ಸೀಸನ್ ಹೇಗೆ ಸಾಗಿತು ಅನ್ನುವುದನ್ನು ನೋಡಿ. ಝಾಂಡ್‌ವೋರ್ಟ್‌ನಲ್ಲಿ ಪಿಟ್ ಲೇನ್‌ನಿಂದ, ಅಂದರೆ ಎಲ್ಲರ ಹಿಂದಿನಿಂದ, ಹೊರಟು ಆರನೇ ಸ್ಥಾನ. ಸಿಂಗಪುರದಿಂದ ಬ್ರೆಜಿಲ್ ತನಕ ಸತತ ನಾಲ್ಕು ಗ್ರ್ಯಾಂಡ್ ಪ್ರಿಗಳಲ್ಲಿ ಪಾಯಿಂಟ್. ನಡುವೆ ಮೆಕ್ಸಿಕೋದಲ್ಲಿ ನಾಲ್ಕನೇ ಸ್ಥಾನ, ಹಿಂದೆ ಬಂದವನು ಮೆಕ್ಲಾರೆನ್‌ನ ಪಿಯಾಸ್ಟ್ರಿ! ಹಾಸ್‌ಗೆ ಅದಕ್ಕಿಂತ ಒಳ್ಳೆಯ ಫಲಿತಾಂಶ ಅಲ್ಲಿಯ ತನಕ ಸಿಕ್ಕೇ ಇರಲಿಲ್ಲ. ಹೊಸಬನೊಬ್ಬ ವರ್ಷ ಕಳೆದ ಹಾಗೆ ಹೀಗೆ ಬಲಿಯುವುದನ್ನು ನೋಡುವುದೇ ಒಂದು ಖುಷಿ.

ಈಗ ಆ ಚಾಳಿ. ಇವನಿಗೆ ಕೆಂಪು ಬಾವುಟ ಕಂಡರೂ ಕಾಲು ಎತ್ತುವ ಮನಸ್ಸಾಗುವುದಿಲ್ಲ. ಮೊನಾಕೋ ಪ್ರಾಕ್ಟೀಸ್‌ನಲ್ಲಿ ರೆಡ್ ಫ್ಲ್ಯಾಗ್ (ಓಟ ನಿಲ್ಲಿಸಿ ನಿಧಾನವಾಗಿ ಒಳಬರಲು ಹೇಳುವ ಕೆಂಪು ಬಾವುಟ) ಇದ್ದಾಗಲೇ ಇನ್ನೊಂದು ಕಾರನ್ನು ದಾಟಿದ, ಗ್ರಿಡ್‌ನಲ್ಲಿ ಹತ್ತು ಸ್ಥಾನ ಕಳಕೊಂಡ. ಸಿಲ್ವರ್‌ಸ್ಟೋನ್‌ನಲ್ಲಿ ಮತ್ತೆ ರೆಡ್ ಫ್ಲ್ಯಾಗ್, ಈ ಸಲ ಪಿಟ್‌ಗೆ ಒಳಬರುವಾಗಲೇ ಗೋಡೆಗೆ ಗುದ್ದಿದ, ಮತ್ತೆ ಹತ್ತು ಸ್ಥಾನ. ಆ ರೇಸನ್ನು 11ನೆಯವನಾಗಿ ಮುಗಿಸಿದ, ಪಾಯಿಂಟ್ ಇರುವುದು ಮೊದಲ ಹತ್ತು ಜನಕ್ಕೆ. ಅಂದರೆ ಸುಮ್ನೆ ನಿಧಾನವಾಗಿ ಒಳಗೆ ಬಂದಿದ್ದರೆ ಪಾಯಿಂಟ್ ಸಿಗುತ್ತಿತ್ತು ಅಲ್ವಾ? ಮೊಂಜಾದಲ್ಲಿ ಸೈನ್ಸ್ ಜೊತೆ ಡಿಕ್ಕಿಯಾದ ಮೇಲೆ ಅವನ ಪೆನಾಲ್ಟಿ ಪಾಯಿಂಟ್ (ತಪ್ಪಿಗೆ ಬೀಳುವ ಅಂಕ) 10ಕ್ಕೆ ಏರಿತು. 12 ತಿಂಗಳಲ್ಲಿ 12 ಆದರೆ ಒಂದು ರೇಸು ನಿಷೇಧ. 2024ರಲ್ಲಿ ಬಾಕುವಿನಲ್ಲಿ ಅವನಿಗೆ ಹಾಸ್ ಸೀಟು ಸಿಕ್ಕಿದ್ದೇ ಆ ತಂಡದ ಡ್ರೈವರ್ ಮ್ಯಾಗ್ನುಸನ್‌ಗೆ ಇಂಥದ್ದೇ ನಿಷೇಧ ಬಿದ್ದಿದ್ದರಿಂದ.

ಆದರೂ ನನಗೆ ಇದು ಭಯ ಹುಟ್ಟಿಸುವುದಿಲ್ಲ. ಮೊಂಜಾ ಆದ ಮೇಲೂ ಅವನು ವೇಗ ಕಡಿಮೆ ಮಾಡಲಿಲ್ಲ, ನಿಷೇಧಕ್ಕೂ ಸಿಗಲಿಲ್ಲ. ಅವನ ಅತ್ಯುತ್ತಮ ರೇಸುಗಳು ಬಂದದ್ದೇ ಆಗ. ಕತ್ತಿಯ ಮೇಲೆ ನಡೆಯುತ್ತಿದ್ದಾಗ ಹಾಗೆ ಓಡಿಸಿದವನು ಕಲಿಯುವ ಹುಡುಗ.

ಫೆರಾರಿ ವಿಷಯಕ್ಕೆ ಬಂದರೆ, ಅವನು ಎಳೆಯ ಡ್ರೈವರ್‌ಗಳನ್ನು ತಯಾರು ಮಾಡುವ ಫೆರಾರಿ ಅಕಾಡೆಮಿಯಲ್ಲೇ ಬೆಳೆದವನು. ಹಾಸ್ ಓಡುವುದೂ ಫೆರಾರಿ ಎಂಜಿನ್‌ನಲ್ಲಿ. ಫೆರಾರಿ ಡ್ರೈವರ್ ಲೆಕ್ಲೇರ್ ಕೂಡ ಇಂಥದ್ದೇ ದಾರಿಯಲ್ಲಿ, ಸೌಬರ್ ತಂಡದಲ್ಲಿ ಒಂದು ವರ್ಷ ಓಡಿಸಿ, 2019ರಲ್ಲಿ ಫೆರಾರಿಗೆ ಹೋದದ್ದು. 2025ರಲ್ಲಿ ಫೆರಾರಿ ಸೇರಿದ ಹ್ಯಾಮಿಲ್ಟನ್ ಹುಟ್ಟಿದ್ದು 1985ರಲ್ಲಿ, ಬೇರ್‌ಮನ್ 2005ರಲ್ಲಿ. ಆ ಸೀಟು ಯಾವತ್ತು ಖಾಲಿಯಾಗುತ್ತದೆ ಅನ್ನುವುದು ಬೇರ್‌ಮನ್ ಕೈಯಲ್ಲಿಲ್ಲ. ಖಾಲಿಯಾದ ದಿನ ಫೆರಾರಿಯವರು ಬೇರೆ ಯಾರ ಕಡೆಗಾದರೂ ನೋಡಿದರೆ ಅದು ದೊಡ್ಡ ತಪ್ಪು ಅಂತಲೇ ನಾನು ಹೇಳುತ್ತೇನೆ. ನೀವು ಅವನನ್ನು ಗಮನಿಸುವುದಾದರೆ ಭಾನುವಾರದ ಫಲಿತಾಂಶ ಮಾತ್ರ ನೋಡಬೇಡಿ. ಶನಿವಾರದ ಕ್ವಾಲಿಫೈಯಿಂಗ್‌ನಲ್ಲಿ ಒಕಾನ್‌ಗಿಂತ ಎಲ್ಲಿದ್ದಾನೆ, ರೆಡ್ ಫ್ಲ್ಯಾಗ್ ಬಂದಾಗ ಏನು ಮಾಡುತ್ತಾನೆ, ಅದನ್ನೂ ನೋಡಿ.